ಮೂಗಿನ ಮೇಲೆ ಬೆರಳು, ಮೂಗಿನೊಳಗೆ ಬೆರಳು

ಆಶ್ಚರ್ಯವಾದಾಗ ಮೂಗಿನ ಮೇಲೆ ಬೆರಳಿಡುವುದು ನಮ್ಮ ಹಳೆಯ ರೂಢಿ. ಅದೇ ಬೆರಳು ಒಂದಿಂಚು ಕೆಳಗೆ ಜಾರಿ ಒಳಗೆ ಹೋದರೆ ಮನೆಯಲ್ಲಿ ಬೈಗುಳ ಬೀಳುತ್ತದೆ. ‘ಅದೇನು ಚಿನ್ನದ ಗಣಿಯೇನೋ, ಅಗೆಯೋದಕ್ಕೆ?’ ಅಂತ ನಮ್ಮಜ್ಜಿ ಕೇಳುತ್ತಿದ್ದರು. ಆದರೆ ಬೆಂಗಳೂರಿಗೆ ಒಮ್ಮೆ ಇದೇ ವಿಷಯಕ್ಕೆ ಪ್ರಶಸ್ತಿ ಬಂದಿದೆ.

ನಿಮ್ಹಾನ್ಸ್‌ನ ಮನೋವೈದ್ಯರಾದ ಚಿತ್ತರಂಜನ್ ಅಂದ್ರಾದೆ ಮತ್ತು ಬಿ.ಎಸ್. ಶ್ರೀಹರಿ ನಗರದ ನಾಲ್ಕು ಶಾಲೆಗಳಿಗೆ ಹೋಗಿ, 200 ಹುಡುಗ ಹುಡುಗಿಯರ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟು, ಮೂಗಿನಲ್ಲಿ ಬೆರಳು ಹಾಕುತ್ತೀರಾ, ದಿನಕ್ಕೆ ಎಷ್ಟು ಸಲ ಎಂದು ಕೇಳಿದರು. ಹೆಚ್ಚು ಕಡಿಮೆ ಎಲ್ಲರೂ ಹೌದೆಂದರು. ಸಾಧಾರಣವಾಗಿ ದಿನಕ್ಕೆ ನಾಲ್ಕು ಸಲ. ನೂರಕ್ಕೆ ಏಳೆಂಟು ಮಂದಿಯದು ಇಪ್ಪತ್ತು ಸಲಕ್ಕೂ ಮೇಲೆ! ನಾಲ್ವರಲ್ಲಿ ಒಬ್ಬರಿಗೆ ಮೂಗಿನಿಂದ ರಕ್ತವೂ ಬಂದಿತ್ತು. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ: ಬಡವರ ಮಕ್ಕಳು, ಸಿರಿವಂತರ ಮಕ್ಕಳು ಎಂಬ ಭೇದ ಇದರಲ್ಲಿ ಕಾಣಲಿಲ್ಲ. ಅಂಥ ಸಮಾನತೆ ನಮ್ಮಲ್ಲಿ ಬೇರೆಲ್ಲಿದೆ ಹೇಳಿ.

ಇದಕ್ಕೆ 2001ರಲ್ಲಿ ಸಿಕ್ಕಿದ್ದು ಇಗ್ ನೊಬೆಲ್. ಅಮೆರಿಕದ ಮಾರ್ಕ್ ಅಬ್ರಹಾಮ್ಸ್ ಎಂಬ ಪತ್ರಿಕಾ ಸಂಪಾದಕ 1991ರಲ್ಲಿ ಶುರುಮಾಡಿದ ಪ್ರಶಸ್ತಿ ಇದು. ಮೊದಲು ನಗಿಸಬೇಕು, ಆಮೇಲೆ ಯೋಚನೆಗೆ ಹಚ್ಚಬೇಕು. ಅಂಥ ಸಂಶೋಧನೆಗೆ ಮಾತ್ರ. ಹಾರ್ವರ್ಡ್‌ನಲ್ಲಿ ನಡೆಯುತ್ತಿದ್ದ ಸಮಾರಂಭದಲ್ಲಿ ಸಭಿಕರು ವೇದಿಕೆಗೆ ಕಾಗದದ ವಿಮಾನ ಬಿಡುತ್ತಿದ್ದರು. ಯಾರಾದರೂ ಮಾತು ಎಳೆದರೆ ಎಂಟು ವರ್ಷದ ಹುಡುಗಿಯೊಬ್ಬಳು ಎದುರಿಗೆ ಬಂದು ನಿಂತು, ‘ದಯವಿಟ್ಟು ನಿಲ್ಲಿಸಿ, ನನಗೆ ಬೇಜಾರಾಗುತ್ತಿದೆ’ ಎಂದು ಹೇಳುತ್ತಲೇ ಇರುತ್ತಿದ್ದಳು. ನಮ್ಮ ಸನ್ಮಾನ ಸಭೆಗಳಿಗೆ ಈ ಮಗುವನ್ನು ಜರೂರಾಗಿ ಕರೆಸಬೇಕು.

ಮರುವರ್ಷ ಇದೇ ಪ್ರಶಸ್ತಿ ಕೇರಳದ ಇಬ್ಬರಿಗೆ ಬಂತು, ಆನೆಯ ಮೈ ಚರ್ಮದ ಒಟ್ಟು ವಿಸ್ತೀರ್ಣವನ್ನು ಅಂದಾಜು ಮಾಡಿದ್ದಕ್ಕೆ. ಆನೆಯ ಎತ್ತರ, ಮುಂಗಾಲಿನ ಪಾದದ ಸುತ್ತಳತೆ ಗೊತ್ತಿದ್ದರೆ ಸಾಕಂತೆ, ಲೆಕ್ಕ ಸಿಗುತ್ತದೆ.

ಇನ್ನು ಭೌತವಿಜ್ಞಾನಿ ಆಂಡ್ರೆ ಗೈಮ್ ಕಥೆ. ನೆದರ್‌ಲೆಂಡ್ಸ್‌ನ ನೈಮೆಖೆನ್‌ನಲ್ಲಿದ್ದಾಗ, ಒಂದು ಶುಕ್ರವಾರದ ಸಂಜೆ ಈ ಪುಣ್ಯಾತ್ಮ ಪ್ರಯೋಗಾಲಯದ ದೈತ್ಯ ವಿದ್ಯುತ್ಕಾಂತದೊಳಗೆ ಸುಮ್ಮನೆ ನೀರು ಸುರಿದ. ನೀರು ಕೆಳಗೆ ಬೀಳಲಿಲ್ಲ, ನಡುವೆಯೇ ಉಂಡೆಯಾಗಿ ತೇಲಿತು. ನೀರನ್ನೂ ಅಯಸ್ಕಾಂತ ತುಸು ದೂರ ತಳ್ಳುತ್ತದೆ; ಫ್ರಿಜ್ ಬಾಗಿಲಿನ ಅಯಸ್ಕಾಂತದ ಬಲ ನಮ್ಮ ಕಣ್ಣಿಗೆ ಬೀಳುವಷ್ಟಿಲ್ಲ, ಅಷ್ಟೆ. ಅಲ್ಲಿದ್ದದ್ದು ಅದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚಿನದು. ಕಪ್ಪೆಯ ಮೈಯಲ್ಲೂ ಬಹುಪಾಲು ನೀರೇ ತಾನೆ? 1997ರಲ್ಲಿ ಕಪ್ಪೆಯೂ ತೇಲಿತು, ಸುಖವಾಗಿ ಕೆಳಗೂ ಇಳಿಯಿತು. 2000ದಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಮೈಕೆಲ್ ಬೆರ್ರಿ ಅವರ ಜೊತೆ ಇಗ್ ನೊಬೆಲ್ ಬಂತು. ಅದರ ಬೆನ್ನಿಗೇ ತಾನು ಸಾಕಿದ ಹ್ಯಾಮ್ಸ್‌ಟರ್ ಇಲಿಯನ್ನು ಸಹಲೇಖಕನಾಗಿ ಸೇರಿಸಿ ಪ್ರಬಂಧವನ್ನೂ ಪ್ರಕಟಿಸಿದ ಆಸಾಮಿ ಇವನು.

ಇಂಥವನನ್ನು ಗಂಭೀರವಾಗಿ ಯಾರು ತೆಗೆದುಕೊಳ್ಳುತ್ತಾರೆ ಎನ್ನುವಿರಾ? ಮುಂದೆ ಮ್ಯಾಂಚೆಸ್ಟರ್‌ನಲ್ಲಿ ಶುಕ್ರವಾರದ ಸಂಜೆಯ ಇನ್ನೊಂದು ಆಟ. ಗ್ರಾಫೈಟ್ ಎಂದರೆ ನಮ್ಮ ಪೆನ್ಸಿಲ್ಲಿನ ಕಡ್ಡಿಯ ವಸ್ತು. ಅದನ್ನು ಶುಚಿ ಮಾಡಿ ಕಸದ ಬುಟ್ಟಿಗೆ ಎಸೆಯುತ್ತಿದ್ದ ಅಂಟುಟೇಪನ್ನು ಎತ್ತಿಕೊಂಡು, ಅಂಟಿಸಿ ಕಿತ್ತು, ಮತ್ತೆ ಅಂಟಿಸಿ ಕಿತ್ತು, ಕೊನೆಗೆ ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆ ಸಿಕ್ಕಿತು. ಅದೇ ಗ್ರಾಫೀನ್. ಶಿಷ್ಯ ನೊವೊಸೆಲೊವ್ ಜೊತೆ 2010ರಲ್ಲಿ ಅಸಲಿ ನೊಬೆಲ್ಲೇ ಬಂತು. ಎರಡೂ ಪ್ರಶಸ್ತಿಗಳನ್ನು ಸ್ವಂತ ಹೆಸರಿನಲ್ಲಿ ಪಡೆದ ಮೊದಲಿಗ ಗೈಮ್.

ನಗುವವರು ಹಗುರ, ಗಂಟುಮೋರೆಯವರು ಜ್ಞಾನಿಗಳು ಅನ್ನುವ ನಮ್ಮ ಲೆಕ್ಕ ಎಲ್ಲೋ ತಪ್ಪಿದೆ.

ರೇಡಿಯೊ ಕೇಳುತ್ತಾ ಕೂತ ನಿಮ್ಮ ಬೆರಳು ಈಗ ಎಲ್ಲಿದೆ ಎಂದು ನಾನು ಕೇಳುವುದಿಲ್ಲ. ಮೂಗಿನ ಮೇಲಿದ್ದರೆ ಸಂತೋಷ. ಒಳಗಿದ್ದರೆ, ಕೈ ತೊಳೆದುಕೊಂಡು ತಿಂಡಿಗೆ ಕೂತುಕೊಳ್ಳಿ.