ಗುಳಿಗೆಯ ಗುಟ್ಟು

(ಸಂಘದ ಆರೋಗ್ಯ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣ)



ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಊಟದ ಮೇಜಿನ ಮೇಲಿರುತ್ತದೆ. ಖಿನ್ನತೆಯ ಗುಳಿಗೆ ಬೀರುವಿನಲ್ಲಿ ಸೀರೆಗಳ ನಡುವೆ ಅಡಗಿರುತ್ತದೆ. ಈ ಗುಟ್ಟೇ ಔಷಧದ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಇಂದಿನ ನನ್ನ ಮಾತಿನ ತಿರುಳು.

ಈ ಔಷಧಗಳು ಬೆಳಕಿಗೆ ಬಂದದ್ದೇ ಒಂದು ಅಡ್ಡಪರಿಣಾಮದಿಂದ. 1950ರ ದಶಕದ ಆರಂಭದಲ್ಲಿ ಅಮೆರಿಕದ ಕ್ಷಯರೋಗಿಗಳಿಗೆ ಇಪ್ರೋನಿಯಾಜಿಡ್ ಕೊಟ್ಟಾಗ ಅವರ ಮನಸ್ಸು ಗೆಲುವಾದುದನ್ನು ವೈದ್ಯರು ಗಮನಿಸಿದರು. ಮುಂದೆ ಅದು ಯಕೃತ್ತಿಗೆ ಹಾನಿಕರವೆಂದು ತಿಳಿದು ಬಳಕೆಯಿಂದ ಮರೆಯಾಯಿತು. 1987ರಲ್ಲಿ ಅಲ್ಲಿ ಅನುಮತಿ ಪಡೆದ ಫ್ಲುಯಾಕ್ಸೆಟಿನ್ ಮತ್ತು ಅದರ ಬಳಗದವು ಹಳೆಯವುಗಳಿಗಿಂತ ಸುರಕ್ಷಿತವಾದರೂ ಪೂರ್ಣ ನಿರಪಾಯವಲ್ಲ.

ಮೊದಲ ಅಪಾಯಕಾಲ ಆರಂಭದ ವಾರಗಳು. ವಾಕರಿಕೆ, ನಿದ್ರಾಭಂಗ, ಚಡಪಡಿಕೆಗಳು ಮೊದಲ ದಿನಗಳಲ್ಲೇ ಕಾಣಿಸಿಕೊಳ್ಳುತ್ತವೆ. ಗುಣ ಕಾಣಲು ಹಲವು ವಾರಗಳೇ ಬೇಕು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಮಕ್ಕಳಲ್ಲಿಯೂ ಹದಿಹರೆಯದವರಲ್ಲಿಯೂ ಆತ್ಮಹತ್ಯೆಯ ಆಲೋಚನೆ ಹೆಚ್ಚಬಹುದೆಂಬ ಎಚ್ಚರಿಕೆಯನ್ನು ಕಪ್ಪು ಚೌಕಟ್ಟಿನಲ್ಲಿ ಮುದ್ರಿಸಲು ಆದೇಶಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗಿನ ತರುಣರಿಗೂ ವಿಸ್ತರಿಸಿತು. ಹಾಗೆಂದು ಔಷಧವನ್ನೇ ನಿರಾಕರಿಸಬೇಕಾಗಿಲ್ಲ. ಚಿಕಿತ್ಸೆಯಿಲ್ಲದ ಖಿನ್ನತೆಯೂ ಪ್ರಾಣಾಂತಕವೇ. ಆದರೆ ಗುಟ್ಟಾಗಿ ನುಂಗುವವರ ಮೇಲೆ ಕಣ್ಣಿಡುವವರು ಯಾರು?

ಎರಡನೆಯದು ಬಿಡುವ ಕಾಲ. ಊರಿನ ಮದುವೆಗೆ ಹೊರಟಾಗ, ಬಂಧುಗಳ ಕಣ್ಣಿಗೆ ಬಿದ್ದೀತೆಂದು ಗುಳಿಗೆಯನ್ನು ಇಲ್ಲೇ ಬಿಟ್ಟು ಹೋಗುವವರುಂಟು. ಕೆಲವೇ ದಿನಗಳಲ್ಲಿ ತಲೆಸುತ್ತು, ಸಿಡುಕು, ತಲೆಯೊಳಗೆ ವಿದ್ಯುತ್ ತಾಗಿದಂಥ ಜುಮ್ಮು ಕಾಡಬಹುದು. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಇದು ಹೆಚ್ಚು. ವೈದ್ಯರನ್ನು ಕೇಳಿ, ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸಿಯೇ ಬಿಡಬೇಕು.

ಹಿರಿಯರಲ್ಲಿ ರಕ್ತದ ಸೋಡಿಯಂ ಕುಸಿದು ಬುದ್ಧಿಭ್ರಮಣೆಯಾಗಬಹುದು. ಆಸ್ಪಿರಿನ್, ಐಬುಪ್ರೊಫೆನ್ ಜೊತೆ ಸೇರಿದರೆ ರಕ್ತಸ್ರಾವದ ಸಂಭವ ಹೆಚ್ಚು. ದಾಂಪತ್ಯದ ಆಸಕ್ತಿ ಕುಗ್ಗುವುದು ಸಾಮಾನ್ಯ. ಸಂಕೋಚದಿಂದ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇವೆಲ್ಲಕ್ಕೂ ಪರಿಹಾರವುಂಟು, ವೈದ್ಯರಿಗೆ ತಿಳಿಸಿದರೆ ಮಾತ್ರ.

ತಿಳಿಸುವುದು ಯಾವ ಭಾಷೆಯಲ್ಲಿ? ಪೇಟೆಯ ವ್ಯವಹಾರಕ್ಕೆ ಮರಾಠಿಯೋ ಹಿಂದಿಯೋ ಸಾಕು. ‘ಜೀವವೇ ಬೇಸರವಾಗಿದೆ’ ಎನ್ನಲು ತಾಯ್ನುಡಿಯೇ ಬೇಕು. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಅದಕ್ಕಿಂತ ಮೊದಲು, ಮನೆಯ ಒಬ್ಬರಿಗಾದರೂ ಆ ಗುಳಿಗೆಯ ಹೆಸರು ತಿಳಿದಿರಲಿ.