ಪರದೇಶದ ದುಡಿಮೆ: ಶ್ರಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ



ಮೇ 1 ಶ್ರಮಿಕರಾದ ಸಂತ ಜೋಸೆಫರ ಹಬ್ಬ. ಜಗದ್ಗುರು ಹನ್ನೆರಡನೆಯ ಪಯಸ್ ಅವರು 1955ರಲ್ಲಿ ಇದನ್ನು ಧರ್ಮಸಭೆಗೆ ಕೊಟ್ಟರು. ಜೋಸೆಫರೆಂದರೆ ನಮ್ಮ ಕಣ್ಣಿಗೆ ಕಾಣುವುದು ನಜರೇತಿನ ಬಡಗಿ. ಆದರೆ ಮಾತೆ ಮರಿಯಳನ್ನೂ ಹಸುಗೂಸನ್ನೂ ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟವರೂ ಅವರೇ. ಅಲ್ಲಿ ಯಾರ ಬಳಿ ದುಡಿದರು, ಕೂಲಿ ಎಷ್ಟು ಸಿಕ್ಕಿತು ಎಂದು ಶುಭಸಂದೇಶ ಹೇಳುವುದಿಲ್ಲ. ಹೇಳಿದ್ದರೆ ಅಲ್ಲಾಳಸಂದ್ರದ ಎಷ್ಟೋ ಮನೆಯವರು ಆ ಪುಟವನ್ನು ಎರಡೆರಡು ಸಲ ಓದುತ್ತಿದ್ದರು.

ಯಾಕೆಂದರೆ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆ ಸಾಗುವ ಕಾರುಗಳಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಅವರು ಅಮೆರಿಕದಲ್ಲಿ ಕಾಲೂರುವಷ್ಟರಲ್ಲಿ ಇಲ್ಲಿಂದ ನಮ್ಮ ಫೋನು ಶುರು. ಸೈಟಿನ ಕಂತು ಬಾಕಿ ಇದೆ, ತಂಗಿಯ ಮದುವೆ ಇದೆ, ಸಂಜೆ ಹೊತ್ತು ಬೇರೇನಾದರೂ ಮಾಡಬಾರದೇನಪ್ಪ?

ಇಲ್ಲಿ ಕೆಲಸ ಮುಗಿಸಿ ಬಂದು ಅಂಗಡಿ ತೆರೆದು ಕೂತವರನ್ನು ವೀಸಾ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ಹಾಗಲ್ಲ. ಎಚ್-1ಬಿ ವೀಸಾ ಮೊದಲು 3 ವರ್ಷ, ಸಾಮಾನ್ಯವಾಗಿ ಒಟ್ಟು 6 ವರ್ಷ. ಅರ್ಜಿ ಹಾಕಿದ ಕಂಪನಿಯ ಕೆಲಸಕ್ಕೆ ಮಾತ್ರ. ಎರಡನೆಯ ಕಂಪನಿಗೆ ದುಡಿಯಬೇಕಾದರೆ ಅದೂ ಬೇರೆ ಅರ್ಜಿ ಹಾಕಬೇಕು. ಷೇರು ಕೊಳ್ಳಬಹುದು, ಬ್ಯಾಂಕಿನ ಬಡ್ಡಿ ಪಡೆಯಬಹುದು, ಒಂದು ವ್ಯಾಪಾರಕ್ಕೆ ಹಣವನ್ನೂ ಹೂಡಬಹುದು. ಆದರೆ ಆ ವ್ಯಾಪಾರದ ಗಲ್ಲಾದಲ್ಲಿ ತಾನೇ ಕೂರುವಂತಿಲ್ಲ. 2025ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ, ತನ್ನದೇ ಕಂಪನಿಯ ಮೂಲಕ ಅರ್ಜಿ ಹಾಕುವ ದಾರಿಯನ್ನು ಸ್ಪಷ್ಟಪಡಿಸಿತು. ಅದು ಮೊದಲೆರಡು ಸಲ 18 ತಿಂಗಳಂತೆ ಮಾತ್ರ. ತೆರಿಗೆ ಕಟ್ಟಿದರಾಯಿತಲ್ಲ ಎನ್ನುವವರಿದ್ದಾರೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಅನುಮತಿ ಹುಟ್ಟುವುದಿಲ್ಲ. ಕದ್ದು ದುಡಿದದ್ದು ಬೆಳಕಿಗೆ ಬಂದರೆ ವೀಸಾ ಮುಂದುವರಿಕೆಗೂ ಗ್ರೀನ್ ಕಾರ್ಡಿಗೂ ತೊಡಕಾದೀತು. ಅಲ್ಲಿ ಶಾಲೆಗೆ ಹೋಗುತ್ತಿರುವ ನಮ್ಮ ಮೊಮ್ಮಕ್ಕಳೂ ಗಂಟುಮೂಟೆ ಕಟ್ಟಬೇಕಾದೀತು.

ಇನ್ನು ಸೊಸೆಯಂದಿರ ಪಾಡು. ಎಂಜಿನಿಯರಿಂಗ್ ಓದಿದ ಹೆಣ್ಣುಮಗಳು ಎಚ್-4 ವೀಸಾದಲ್ಲಿ ವರ್ಷಗಟ್ಟಲೆ ಮನೆಯೊಳಗೇ ಇರುತ್ತಾಳೆ. ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ್ದರೆ ಆಕೆಯೂ ಕೆಲಸದ ಅನುಮತಿ ಪತ್ರ ಪಡೆಯಬಹುದೆಂದು 2015ರ ಮೇ ತಿಂಗಳಲ್ಲಿ ನಿಯಮವಾಯಿತು. ಆ ಪತ್ರವಿದ್ದರೆ ಸ್ವಂತ ವ್ಯಾಪಾರವನ್ನೂ ಮಾಡಬಹುದು. ಅದಿಲ್ಲದವಳು ಕ್ರಿಸ್ಮಸ್ಸಿಗೆ ಕೇಕು, ಕಜ್ಜಾಯ ಮಾಡಿ ನೆರೆಯವರಿಗೆ ಹಂಚಬಹುದು. ಆರ್ಡರ್ ಹಿಡಿದು ಮಾರುವಂತಿಲ್ಲ. ಓದಿದ ಕೈಗಳನ್ನು ಹೀಗೆ ಕಟ್ಟಿಹಾಕುವ ಕಾನೂನು ನ್ಯಾಯವಾದದ್ದೆಂದು ನಮಗೆ ಅನ್ನಿಸುವುದಿಲ್ಲ. ಆದರೂ ಅದನ್ನು ಮುರಿದರೆ ಪೆಟ್ಟು ಬೀಳುವುದು ಆಕೆಗೇ, ಇಲ್ಲಿ ಕುಳಿತು ಸಲಹೆ ಕೊಡುವ ನಮಗಲ್ಲ.

ಪಕ್ಕದ ಕಸುಬು ಹೀನವೇನಲ್ಲ. ಸಂತ ಪೌಲರು ಕೊರಿಂಥದಲ್ಲಿ ಗುಡಾರ ಮಾಡುತ್ತಾ ಶುಭಸಂದೇಶ ಸಾರಿದರೆಂದು ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯದಲ್ಲಿದೆ. ನಾವು ಪೌಲರನ್ನು ನೆನೆಯುತ್ತೇವೆ, ಅವರಿಗೆ ಮನೆ ಕೊಟ್ಟ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯನ್ನು ಮರೆಯುತ್ತೇವೆ. ಕ್ಲಾಡಿಯಸ್ ಚಕ್ರವರ್ತಿಯ ಆಜ್ಞೆಯಿಂದ ರೋಮ್ ಬಿಟ್ಟು ಬಂದವರು ಅವರು. ಒಂದು ಆಜ್ಞೆಗೆ ಮನೆ, ಅಂಗಡಿ ಎಲ್ಲ ಕೈಬಿಟ್ಟುಹೋಗುವುದು ಹೇಗೆಂದು ಅವರಿಗೆ ಗೊತ್ತಿತ್ತು. ನಮ್ಮ ಮಕ್ಕಳಿಗೂ ಗೊತ್ತು: ಕಂಪನಿ ಕೆಲಸದಿಂದ ತೆಗೆದರೆ ಬೇರೆ ದಾರಿ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಫೋನಿನಲ್ಲಿ ಅದನ್ನು ಅವರು ಹೇಳುವುದಿಲ್ಲ, ಅಷ್ಟೆ.

ಹಾಗಾಗಿ ಈ ವಾರ ಮಾತಾಡುವಾಗ ಕಂತಿನ ಲೆಕ್ಕವನ್ನು ಪಕ್ಕಕ್ಕಿಡೋಣ. ಮನೆಯ ಎರಡನೇ ಮಹಡಿ ಇನ್ನೆರಡು ವರ್ಷ ಬಿಟ್ಟು ಏಳಲಿ. ಈಗಾಗಲೇ ಏನಾದರೂ ಶುರು ಮಾಡಿದ್ದರೆ ನಿಲ್ಲಿಸು ಮಗನೇ, ವಲಸೆ ಕಾನೂನು ಬಲ್ಲ ವಕೀಲರನ್ನು ನೋಡು, ಖರ್ಚಿಗೆ ಬೇಕಾದರೆ ನಾವು ಕಳಿಸುತ್ತೇವೆ ಎನ್ನೋಣ. ಇಲ್ಲಿ ಸಂಜೆಯ ಜಪಸರ ಮುಗಿಯುವ ಹೊತ್ತಿಗೆ ಅಲ್ಲಿ ಬೆಳಗಾಗಿರುತ್ತದೆ. ಆಫೀಸಿಗೆ ಹೊರಡುವ ಮುಂಚೆ ಮಕ್ಕಳು ಸಿಗುತ್ತಾರೆ.