ಕೆಸರಿನಲ್ಲಿ ಊಟದ ಹೊತ್ತು

ಮುಂಬಯಿಯಲ್ಲೇ ಇದ್ದು ರಾಜಹಂಸ ನೋಡದವರು ನಮ್ಮಲ್ಲಿ ಎಷ್ಟು ಮಂದಿ? ಚಳಿಗಾಲದಿಂದ ಮೇ ತಿಂಗಳವರೆಗೆ ಠಾಣೆ ಖಾರಿಯ ಕೆಸರಿನಲ್ಲಿ ಅವು ಸಾವಿರಗಟ್ಟಲೆ ಸೇರುತ್ತವೆ. ಜೊತೆಗೆ ಗಾಡ್‌ವಿಟ್, ಉಲ್ಲಂಕಿಗಳ ಸಂತೆ.

ಕ್ಯಾಮೆರಾ ಹೆಗಲಿಗೇರಿಸುವ ಮೊದಲು ಆ ದಿನದ ಭರತ-ಇಳಿತದ ವೇಳೆ ನೋಡಿಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹೋದ ಭಾನುವಾರದ ವೇಳೆ ಈ ಭಾನುವಾರಕ್ಕಾಗದು. ನೀರು ಪೂರ್ತಿ ಇಳಿದಾಗ ಹಕ್ಕಿಗಳು ದೂರದ ಚುಕ್ಕಿಗಳು. ಏರತೊಡಗಿದರೆ ಮೇಯುತ್ತ ಮೇಯುತ್ತ ತಾವೇ ದಡದತ್ತ ಬರುತ್ತವೆ. ನೀವು ಕುಳಿತಲ್ಲೇ ಕುಳಿತಿರಿ.

ರಾಜಹಂಸ ಉಣ್ಣುವುದು ತಲೆಕೆಳಗಾಗಿ. ಕೊಕ್ಕನ್ನು ನೀರಲ್ಲಿ ಮಗುಚಿ, ನಾಲಿಗೆಯಿಂದ ಪಂಪಿನಂತೆ ನೀರೆಳೆದು ಹೊರತಳ್ಳುತ್ತದೆ. ಕೊಕ್ಕಿನೊಳಗಿನ ಜರಡಿಯಲ್ಲಿ ಊಟ ಉಳಿಯುತ್ತದೆ. ಇಲ್ಲಿ ಹೆಚ್ಚಾಗಿ ಬರುವ ಕಿರಿಯ ಜಾತಿಗೆ ಪಾಚಿಯೇ ಮೃಷ್ಟಾನ್ನ. ಗಾಡ್‌ವಿಟ್ ಉದ್ದ ಕೊಕ್ಕನ್ನು ಬುಡದವರೆಗೂ ಕೆಸರಿಗಿಳಿಸಿ ಹುಳು ಹುಡುಕುತ್ತದೆ. ಹುಳು ಹೊರಬರುವ ಆ ಗಳಿಗೆಗೆ ಷಟರ್ ವೇಗ ಸೆಕೆಂಡಿನ ಸಾವಿರದಲ್ಲೊಂದು ಭಾಗ ಇರಲಿ. ಕ್ಯಾಮೆರಾ ಆದಷ್ಟು ಕೆಳಗಿರಲಿ. ಬೆನ್ನು ನೋಯುತ್ತದೆ, ನಮ್ಮ ಮನೆಯವರು ಅಮೃತಾಂಜನ ಹಿಡಿದೇ ಬಾಗಿಲು ತೆರೆಯುತ್ತಾರೆ!

ಒಂದು ತಪ್ಪು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಶಿವಡಿಯಲ್ಲಿ, ಹಾರುವ ಚಿತ್ರ ಬೇಕೆಂಬ ಆಸೆಗೆ ಜೋರಾಗಿ ಚಪ್ಪಾಳೆ ತಟ್ಟಿದೆ. ಇಡೀ ಹಿಂಡು ಎದ್ದಿತು. ಚಿತ್ರ ಚೆನ್ನಾಗಿಯೇ ಬಂತು, ಚೌಕಟ್ಟೂ ಹಾಕಿಸಿದೆ. ಅಂದು ಜೊತೆಗೇ ಎದ್ದು ಹೋದ ಸ್ಟಿಂಟ್‌ಗಳ ವಿಚಾರ ಆಮೇಲೆ ತಿಳಿಯಿತು. ಗುಬ್ಬಿಯಷ್ಟೇ ಗಾತ್ರದ, ಸುಮಾರು 25 ಗ್ರಾಂ ತೂಕದ ಉಲ್ಲಂಕಿ ಅದು. ಮರಿ ಮಾಡಲು ಉತ್ತರ ಧ್ರುವದ ಸೀಮೆಗೆ ಹಾರಬೇಕು. ಕೆಸರು ತೆರೆದಿರುವುದು ಕೆಲವೇ ತಾಸು. ಆಗ ತಿಂದು ಕೂಡಿಟ್ಟ ಕೊಬ್ಬೇ ದಾರಿಯ ಬುತ್ತಿ. ನಾವು ಎಬ್ಬಿಸಿದಾಗಲೆಲ್ಲ ಖರ್ಚಾಗುವುದು ಆ ಬುತ್ತಿಯೇ. ಆ ಚೌಕಟ್ಟು ಈಗ ಅಟ್ಟದ ಮೇಲಿದೆ.

ಖಾರಿಯ ಈ ಭಾಗ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಹೊಸಬರಿಗೆ ಐರೋಲಿಯ ಅರಣ್ಯ ಇಲಾಖೆ ಕೇಂದ್ರದ ದೋಣಿ ಅನುಕೂಲ. ಅದೂ ಭರತದ ಹೊತ್ತು ನೋಡಿಯೇ ಹೊರಡುತ್ತದೆ, ಮುಂಚೆ ವಿಚಾರಿಸಿಕೊಳ್ಳಿ. ದೋಣಿಯವರಿಗೆ 'ಇನ್ನೂ ಸ್ವಲ್ಪ ಹತ್ತಿರ' ಎಂದು ದುಂಬಾಲು ಬೀಳಬೇಡಿ. ಹಕ್ಕಿಗಳು ಮೇಯುವುದು ಬಿಟ್ಟು ಕತ್ತೆತ್ತಿದರೆ, ಅಲ್ಲೇ ನಿಲ್ಲಿಸಲು ನೀವೇ ಹೇಳಿ.